ಅತಿಥಿ ಯಂತ್ರಕ್ಕೆ ಒಂದು ಪ್ರತ್ಯೇಕ ಬಾಗಿಲು

‘ಮೇಘ’ ಎಂದೊಡನೆ ಆಷಾಢದ ಕಪ್ಪು ಮೋಡವು ನಮ್ಮ ಕಣ್ಣೆದುರಿಗೆ ಬರುವುದು ಸಹಜ. ಈಚಿನ ವರ್ಷಗಳಲ್ಲಿ ಆ ಶಬ್ದಕ್ಕೆ ಇನ್ನೊಂದು ಅರ್ಥವೂ ಸೇರಿಕೊಂಡಿದೆ. ನಮ್ಮ ಚಿತ್ರಗಳು, ಪತ್ರಗಳು, ಹಣಕಾಸಿನ ಲೆಕ್ಕಗಳು ‘ಕ್ಲೌಡ್’ನಲ್ಲಿವೆ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಆದರೆ ಈ ಮೇಘವು ಇರುವುದು ನೆಲದ ಮೇಲೆಯೇ. ದೊಡ್ಡ ಕಟ್ಟಡಗಳೊಳಗೆ ಸಾಲುಸಾಲಾಗಿ ಜೋಡಿಸಿಟ್ಟ ಕಂಪ್ಯೂಟರುಗಳಲ್ಲಿ. ಅಲ್ಲಿ ಒಂದೇ ಕಂಪ್ಯೂಟರಿನೊಳಗೆ ಹತ್ತಾರು ಮಂದಿಯ ಹತ್ತಾರು ‘ಕಂಪ್ಯೂಟರು’ಗಳು ಏಕಕಾಲದಲ್ಲಿ ಬಾಳುವೆ ಮಾಡುತ್ತಿರುತ್ತವೆ. ಅವರು ಒಬ್ಬರಿಗೊಬ್ಬರು ಅಪರಿಚಿತರು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯಕೂಡದು.

ಇಂತಹ ಒಳಗಿನ ಕಂಪ್ಯೂಟರೊಂದಕ್ಕೆ ನಿಜವಾದ ನೆಟ್‌ವರ್ಕ್ ಕಾರ್ಡೊಂದನ್ನು ನೇರವಾಗಿ ವಹಿಸಿಕೊಡುವ ಕ್ರಮವೊಂದುಂಟು. ಅದಕ್ಕೆ ‘ಪಾಸ್‌ಥ್ರೂ’ ಎಂದು ಹೆಸರು. ಮೇಲುನೋಟಕ್ಕೆ ಇದು ತಂತ್ರಜ್ಞರಿಗೆ ಮಾತ್ರ ಬೇಕಾದ ವಿಷಯವೆಂದು ತೋರಬಹುದು. ಆದರೆ ಅಧಿಕಾರವನ್ನು ಎಷ್ಟರಮಟ್ಟಿಗೆ ಬಿಟ್ಟುಕೊಡಬಹುದು, ಬಿಟ್ಟುಕೊಟ್ಟ ಮೇಲೆ ಅದಕ್ಕೆ ಎಲ್ಲೆಯನ್ನು ಹಾಕುವವರು ಯಾರು ಎಂಬ ಪ್ರಶ್ನೆ ಇದರಲ್ಲಿ ಅಡಗಿದೆ. ರಾಜ್ಯಶಾಸ್ತ್ರವನ್ನು ಓದುವ ನಮ್ಮಂತಹವರಿಗೆ ಅದು ಹೊಸ ಪ್ರಶ್ನೆಯೇನೂ ಅಲ್ಲ. ಆದುದರಿಂದ ಈ ವಿಷಯವನ್ನು ಸ್ಥೂಲವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಯಂತ್ರದೊಳಗೊಂದು ಯಂತ್ರ

ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರು ಎಂಬ ಕಲ್ಪನೆ ಇಂದಿನದಲ್ಲ. ಐ.ಬಿ.ಎಂ. ಸಂಸ್ಥೆಯವರು ೧೯೬೦ರ ದಶಕದಲ್ಲಿಯೇ ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ತಮ್ಮ ವೈಜ್ಞಾನಿಕ ಕೇಂದ್ರದಲ್ಲಿ ಇದನ್ನು ಸಾಧಿಸಿದರು. ೧೯೭೨ರಲ್ಲಿ ‘ವಿಎಂ/೩೭೦’ ಎಂಬ ಹೆಸರಿನಲ್ಲಿ ಅದನ್ನು ಗಿರಾಕಿಗಳಿಗೆ ಒದಗಿಸಿದರು. ಆಗಿನ ಕಂಪ್ಯೂಟರುಗಳ ಬೆಲೆ ವಿಪರೀತ. ಒಂದು ಯಂತ್ರವನ್ನು ಅನೇಕರು ಹಂಚಿಕೊಳ್ಳಬೇಕು, ಆದರೂ ಪ್ರತಿಯೊಬ್ಬರಿಗೂ ‘ಇದು ನನ್ನೊಬ್ಬನದೇ ಯಂತ್ರ’ ಎಂಬ ಅನುಭವವಾಗಬೇಕು. ಅದಕ್ಕಾಗಿ ಈ ಉಪಾಯ. ಹೀಗೆ ತೋರಿಕೆಯಿಂದ ನಿರ್ಮಿತವಾದ ಯಂತ್ರವೇ ವರ್ಚುವಲ್ ಯಂತ್ರ. ಅದನ್ನು ‘ಅತಿಥಿ’ ಎಂದೂ, ಅದಕ್ಕೆ ಆಶ್ರಯವನ್ನಿತ್ತ ನಿಜವಾದ ಯಂತ್ರವನ್ನು ‘ಆತಿಥೇಯ’ ಎಂದೂ ಕರೆಯುವುದು ವಾಡಿಕೆ. ಅತಿಥಿಗಳನ್ನೆಲ್ಲ ಅಂಕೆಯಲ್ಲಿಡುವ ಪ್ರೋಗ್ರಾಮಿಗೆ ಹೈಪರ್‌ವೈಸರ್ ಎಂದು ಹೆಸರು. ಇಲ್ಲಿ ಅದನ್ನು ಮೇಲ್ವಿಚಾರಕನೆಂದು ಕರೆಯೋಣ.

ಒಳ್ಳೆಯ ಮೇಲ್ವಿಚಾರಕನ ಲಕ್ಷಣಗಳೇನು? ೧೯೭೪ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು ವಿದ್ವಾಂಸರು ಮೂರು ಲಕ್ಷಣಗಳನ್ನು ಹೇಳಿದರು. ಮೊದಲನೆಯದು, ಅತಿಥಿಯೊಳಗಿನ ಪ್ರೋಗ್ರಾಮು ನಿಜವಾದ ಯಂತ್ರದಲ್ಲಿ ಹೇಗೋ ಹಾಗೆಯೇ ನಡೆಯಬೇಕು. ಎರಡನೆಯದು, ಆದಷ್ಟು ಕೆಲಸವು ಮೇಲ್ವಿಚಾರಕನ ನಡುಪ್ರವೇಶವಿಲ್ಲದೆ ನೇರವಾಗಿ, ವೇಗವಾಗಿ ಸಾಗಬೇಕು. ಮೂರನೆಯದು, ಯಂತ್ರದ ಸಂಪತ್ತಿನ ಮೇಲೆ ಮೇಲ್ವಿಚಾರಕನ ಹತೋಟಿ ಎಂದೆಂದಿಗೂ ತಪ್ಪಬಾರದು. ವಾಚಕರು ಈ ಮೂರನ್ನೂ ನೆನಪಿನಲ್ಲಿಡಬೇಕು. ಕಾರ್ಡನ್ನು ನೇರವಾಗಿ ಕೊಡುವಾಗ ಎರಡನೆಯದಕ್ಕೂ ಮೂರನೆಯದಕ್ಕೂ ಜಗಳ ಹತ್ತುವುದು.

ಮುಂದೆ ಈ ವಿದ್ಯೆಯು ದೊಡ್ಡ ಯಂತ್ರಗಳಿಂದ ಮೇಜಿನ ಮೇಲಿನ ಚಿಕ್ಕ ಕಂಪ್ಯೂಟರುಗಳಿಗೂ ಇಳಿಯಿತು. ೧೯೯೯ರಲ್ಲಿ ವಿಎಂವೇರ್, ೨೦೦೩ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ಸೆನ್, ೨೦೦೭ರಲ್ಲಿ ಲಿನಕ್ಸಿನೊಳಗೇ ಸೇರಿಕೊಂಡ ಕೆವಿಎಂ – ಹೀಗೆ ಒಂದರ ಹಿಂದೊಂದು ಬಂದವು. ೨೦೦೫–೦೬ರಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು ತಮ್ಮ ಪ್ರೊಸೆಸರುಗಳಲ್ಲಿಯೇ ಇದಕ್ಕೆ ತಕ್ಕ ಅನುಕೂಲವನ್ನು ಕಲ್ಪಿಸಿದುವು.

ಸಾಮಾನ್ಯ ಮಾರ್ಗ

ಅತಿಥಿ ಯಂತ್ರವು ಹೊರಜಗತ್ತಿನೊಡನೆ ಮಾತನಾಡಬೇಕಾದರೆ ಅದಕ್ಕೆ ನೆಟ್‌ವರ್ಕ್ ಕಾರ್ಡು ಬೇಕು. ನಿಜವಾದ ಕಾರ್ಡು ಇರುವುದು ಆತಿಥೇಯನಲ್ಲಿ. ಹಾಗಾದರೆ ದಾರಿ ಯಾವುದು?

ಒಂದು ವಠಾರವನ್ನು ಕಲ್ಪಿಸಿಕೊಳ್ಳಿರಿ. ಎಂಟು ಮನೆಗಳು, ಬೀದಿಗೆ ಒಂದೇ ಬಾಗಿಲು. ಅಂಚೆಯವನು ತಂದ ಕಾಗದಗಳನ್ನೆಲ್ಲ ವಠಾರದ ಯಜಮಾನರು ಬಾಗಿಲಲ್ಲಿ ತೆಗೆದುಕೊಂಡು, ವಿಳಾಸವನ್ನು ನೋಡಿ, ಆಯಾ ಮನೆಗೆ ಮುಟ್ಟಿಸುತ್ತಾರೆ. ಹೋಗುವ ಕಾಗದಗಳೂ ಅವರ ಕೈಯಿಂದಲೇ ಹೋಗಬೇಕು. ಅತಿಥಿ ಯಂತ್ರಗಳ ಸಾಮಾನ್ಯ ವ್ಯವಸ್ಥೆ ಹೀಗೆಯೇ ಇದೆ. ಮೇಲ್ವಿಚಾರಕನು ಅತಿಥಿಗೆ ಒಂದು ಸೋಗಿನ ಕಾರ್ಡನ್ನು ತೋರಿಸುತ್ತಾನೆ. ಅತಿಥಿಯು ಅದನ್ನು ಮುಟ್ಟಿದಾಗಲೆಲ್ಲ ಪ್ರೊಸೆಸರು ಅತಿಥಿಯ ಕೆಲಸವನ್ನು ನಿಲ್ಲಿಸಿ ಮೇಲ್ವಿಚಾರಕನನ್ನು ಎಬ್ಬಿಸುತ್ತದೆ. ನಿಜವಾದ ಕಾರ್ಡು ಮಾಡಬಹುದಾಗಿದ್ದ ಕೆಲಸವನ್ನು ಅವನು ನಟಿಸಿ ಮುಗಿಸುತ್ತಾನೆ. ಈ ನಟನೆಯ ಖರ್ಚನ್ನು ತಗ್ಗಿಸಲೆಂದು ‘ವರ್ಟಿಯೊ’ ಎಂಬ ಪದ್ಧತಿಯನ್ನು ರಸ್ಟಿ ರಸೆಲ್ ಎಂಬವರು ರೂಪಿಸಿ ೨೦೦೮ರಲ್ಲಿ ವಿವರಿಸಿದರು. ಅದರಲ್ಲಿ ಅತಿಥಿಗೆ ತಾನು ಅತಿಥಿಯೆಂಬುದು ತಿಳಿದಿರುತ್ತದೆ. ಸೋಗನ್ನು ಬಿಟ್ಟು ಇಬ್ಬರೂ ಸಮಾಲೋಚಿಸಿ ಕಾಗದಗಳ ಕಟ್ಟನ್ನೇ ಒಮ್ಮೆಗೆ ಸಾಗಿಸುತ್ತಾರೆ. ಹೆಚ್ಚಿನ ಕೆಲಸಗಳಿಗೆ ಇಷ್ಟೇ ಸಾಕು.

ಆದರೆ ಎಲ್ಲಕ್ಕೂ ಸಾಲದು. ಲೆಕ್ಕವನ್ನು ಸ್ವಲ್ಪ ನೋಡೋಣ. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ತಂತಿಯಲ್ಲಿ ೧,೫೦೦ ಬೈಟುಗಳ ತುಂಬು ಪ್ಯಾಕೆಟ್ಟುಗಳೇ ಬಂದರೆ ಸೆಕೆಂಡಿಗೆ ಸುಮಾರು ೮೧,೦೦೦ ಪ್ಯಾಕೆಟ್ಟುಗಳಾಗುವುವು. ಹತ್ತು ಗಿಗಾಬಿಟ್ ತಂತಿಯಲ್ಲಿ ಅತ್ಯಂತ ಚಿಕ್ಕದಾದ ೬೪ ಬೈಟಿನ ಪ್ಯಾಕೆಟ್ಟುಗಳು ಬಂದರೆ ಸೆಕೆಂಡಿಗೆ ಸುಮಾರು ಒಂದು ಕೋಟಿ ೪೮ ಲಕ್ಷ! ಎಂದರೆ ಒಂದೊಂದಕ್ಕೆ ದೊರೆಯುವ ಅವಕಾಶ ಸುಮಾರು ೬೭ ನ್ಯಾನೊಸೆಕೆಂಡು. ಮೂರು ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಘಟಕವು ಅಷ್ಟರಲ್ಲಿ ಇನ್ನೂರು ಹೆಜ್ಜೆ ಇಡಬಲ್ಲದು. ಮೇಲ್ವಿಚಾರಕನನ್ನು ಒಮ್ಮೆ ಎಬ್ಬಿಸಿ ಮರಳಿ ಅತಿಥಿಯ ಬಳಿಗೆ ಬರುವಷ್ಟರಲ್ಲಿಯೇ ಅದಕ್ಕಿಂತ ಹೆಚ್ಚು ಹೆಜ್ಜೆಗಳು ಕಳೆದುಹೋಗುತ್ತವೆ. ಯಜಮಾನರು ಎಷ್ಟೇ ಚುರುಕಾದವರಾದರೂ ಬಾಗಿಲಲ್ಲಿ ಕಾಗದಗಳು ರಾಶಿಬೀಳುವುದು ಖಂಡಿತ.

ಕಾರ್ಡನ್ನೇ ಕೊಟ್ಟುಬಿಡುವುದು

ಆಗ ತೋಚುವ ಉಪಾಯ ಒಂದೇ: ಆ ಮನೆಗೆ ಬೀದಿಯ ಕಡೆಗೆ ಒಂದು ಪ್ರತ್ಯೇಕ ಬಾಗಿಲನ್ನು ಇಟ್ಟುಕೊಡುವುದು. ಅತಿಥಿಗೆ ಸೋಗಿನ ಕಾರ್ಡಿನ ಬದಲು ನಿಜವಾದ ಕಾರ್ಡನ್ನೇ ವಹಿಸುವುದು.

ಕಾರ್ಡನ್ನು ವಹಿಸುವುದೆಂದರೆ ಮೂರು ವಸ್ತುಗಳನ್ನು ವಹಿಸುವುದು. ಒಂದು, ಕಾರ್ಡಿನ ರಿಜಿಸ್ಟರುಗಳು. ಇವು ಅದರ ಗುಂಡಿಗಳೂ ಕೀಲಿಗಳೂ ಇದ್ದಂತೆ. ಇವುಗಳಲ್ಲಿ ಬರೆದು ಕಾರ್ಡಿಗೆ ಅಪ್ಪಣೆ ಕೊಡಬೇಕು. ಎರಡು, ಇಂಟರಪ್ಟು. ಕಾಗದ ಬಂದಾಗ ಕಾರ್ಡು ಬಾರಿಸುವ ಗಂಟೆ ಇದು. ಮೂರನೆಯದು ಡಿಎಂಎ, ಎಂದರೆ ‘ಡೈರೆಕ್ಟ್ ಮೆಮೊರಿ ಆಕ್ಸೆಸ್’. ಇದೇ ಎಲ್ಲಕ್ಕಿಂತ ಮುಖ್ಯವಾದುದು, ಅಪಾಯಕರವಾದುದು ಕೂಡ. ಕಾರ್ಡು ತನಗೆ ಬಂದ ಪ್ಯಾಕೆಟ್ಟನ್ನು ಪ್ರೊಸೆಸರಿನ ಕೈಗೆ ಕೊಡುವುದಿಲ್ಲ; ‘ಇಂತಹ ವಿಳಾಸದಲ್ಲಿ ಇಡು’ ಎಂದು ಮೊದಲೇ ಹೇಳಿಟ್ಟ ಜಾಗಕ್ಕೆ, ಯಾರನ್ನೂ ಕೇಳದೆ, ತಾನೇ ಮೆಮೊರಿಯಲ್ಲಿ ಬರೆದುಬಿಡುತ್ತದೆ.

ಇಲ್ಲಿ ಎರಡು ತೊಡಕುಗಳು ಹುಟ್ಟುತ್ತವೆ. ಮೊದಲನೆಯದು ವಿಳಾಸದ ತೊಡಕು. ಪ್ರತಿಯೊಂದು ಅತಿಥಿಯೂ ತನ್ನ ಮೆಮೊರಿ ಸೊನ್ನೆಯಿಂದ ಆರಂಭವಾಗುವುದೆಂದು ನಂಬಿರುತ್ತದೆ. ನಿಜವಾದ ಮೆಮೊರಿಯಲ್ಲಿ ಅದರ ಜಾಗ ಬೇರೆಲ್ಲಿಯೋ ಇರುತ್ತದೆ. ಅತಿಥಿಯು ಕಾರ್ಡಿಗೆ ‘ನನ್ನ ಐದನೆಯ ಪುಟದಲ್ಲಿ ಇಡು’ ಎಂದರೆ, ಈ ಭ್ರಮೆಯನ್ನು ಅರಿಯದ ಕಾರ್ಡು ನಿಜವಾದ ಐದನೆಯ ಪುಟಕ್ಕೆ ಹೋಗಿ ಅಲ್ಲಿದ್ದುದನ್ನು ಅಳಿಸಿಬಿಡುವುದು. ಆ ಪುಟ ಇನ್ನೊಂದು ಅತಿಥಿಯದಾಗಿರಬಹುದು, ಮೇಲ್ವಿಚಾರಕನದೇ ಆಗಿರಬಹುದು. ಎರಡನೆಯದು ದುರುದ್ದೇಶದ ತೊಡಕು. ಅತಿಥಿಯು ಕೆಟ್ಟವನಾಗಿದ್ದರೆ, ನೆರೆಯವನ ಪುಟದ ವಿಳಾಸವನ್ನು ಬೇಕೆಂದೇ ಹೇಳಿ, ‘ಅಲ್ಲಿರುವುದನ್ನು ತಂತಿಯ ಮೇಲೆ ಕಳುಹಿಸು’ ಎಂದು ಕಾರ್ಡಿಗೆ ಅಪ್ಪಣೆ ಮಾಡಬಹುದು. ಪ್ರೊಸೆಸರಿನ ಯಾವ ಕಾವಲೂ ಇದನ್ನು ತಡೆಯದು. ಏಕೆಂದರೆ ಈ ವ್ಯವಹಾರದಲ್ಲಿ ಪ್ರೊಸೆಸರು ಪಾಲುಗೊಳ್ಳುವುದೇ ಇಲ್ಲ. ವೇಗವನ್ನು ಗಳಿಸಹೋಗಿ ಹತೋಟಿಯನ್ನು ಕಳೆದುಕೊಂಡಂತಾಯಿತು.

ಕಾವಲಿನ ವ್ಯವಸ್ಥೆ

ಈ ತೊಡಕಿಗೆ ಪರಿಹಾರವಾಗಿ ಬಂದುದು ‘ಐಒಎಂಎಂಯು’ ಎಂಬ ಘಟಕ. ೨೦೦೬ರ ಸುಮಾರಿಗೆ ಇಂಟೆಲ್ ‘ವಿಟಿ-ಡಿ’ ಎಂಬ ಹೆಸರಿನಲ್ಲಿಯೂ, ಎಎಂಡಿ ‘ಐಒಎಂಎಂಯು’ ಎಂಬ ಹೆಸರಿನಲ್ಲಿಯೂ ಇದರ ವಿವರಗಳನ್ನು ಪ್ರಕಟಿಸಿದುವು. ಕಾರ್ಡುಗಳಿಗೂ ಮೆಮೊರಿಗೂ ನಡುವೆ ಇದು ಕುಳಿತಿರುತ್ತದೆ. ಇದರ ಬಳಿ ಒಂದು ಪಟ್ಟಿ. ಯಾವ ಕಾರ್ಡು, ಯಾವ ಪುಟವನ್ನು ಕೇಳಿದರೆ, ನಿಜವಾಗಿ ಯಾವ ಪುಟ, ಓದಲು ಮಾತ್ರ ಅನುಮತಿಯೋ ಬರೆಯಲೂ ಅನುಮತಿಯೋ – ಇಷ್ಟೂ ಆ ಪಟ್ಟಿಯಲ್ಲಿರುತ್ತದೆ. ಸಾಮಾನ್ಯವಾಗಿ ಒಂದು ಪುಟವೆಂದರೆ ೪,೦೯೬ ಬೈಟುಗಳು. ಪಟ್ಟಿಯನ್ನು ಬರೆಯುವ ಅಧಿಕಾರ ಮೇಲ್ವಿಚಾರಕನೊಬ್ಬನಿಗೇ ಸೇರಿದ್ದು. ಪಟ್ಟಿಯಲ್ಲಿಲ್ಲದ ಪುಟವನ್ನು ಕಾರ್ಡು ಕೇಳಿದರೆ ಕೋರಿಕೆ ಅಲ್ಲಿಗೇ ನಿಲ್ಲುವುದು, ದೂರೂ ದಾಖಲಾಗುವುದು.

ಇದರಲ್ಲಿ ಗಮನಿಸತಕ್ಕ ಸೊಗಸೆಂದರೆ, ಮೇಲ್ವಿಚಾರಕನು ಪ್ರತಿಯೊಂದು ಪ್ಯಾಕೆಟ್ಟಿಗೂ ಎದ್ದು ಬರಬೇಕಾಗಿಲ್ಲ. ಒಮ್ಮೆ ಪಟ್ಟಿಯನ್ನು ಬರೆದಿಟ್ಟರೆ ಸಾಕು; ಉಳಿದುದನ್ನು ಯಂತ್ರಾಂಗವೇ ನೋಡಿಕೊಳ್ಳುವುದು. ಪ್ರತಿಯೊಂದು ಕೆಲಸಕ್ಕೂ ಅಪ್ಪಣೆ ಕೇಳಬೇಕೆಂಬ ಆಡಳಿತಕ್ಕೂ, ಎಲ್ಲೆಯನ್ನು ಶಾಸನದಲ್ಲಿ ಬರೆದಿಟ್ಟು ಅದರೊಳಗೆ ಸ್ವಾತಂತ್ರ್ಯ ಕೊಡುವ ಆಡಳಿತಕ್ಕೂ ಇರುವ ಅಂತರ ಇದು. ಪೋಪೆಕ್ ಮತ್ತು ಗೋಲ್ಡ್‌ಬರ್ಗರ ಎರಡನೆಯ ಲಕ್ಷಣಕ್ಕೂ ಮೂರನೆಯ ಲಕ್ಷಣಕ್ಕೂ ಇಲ್ಲಿ ರಾಜಿಯಾಯಿತು.

ಗಂಟೆಯ ವಿಷಯದಲ್ಲಿಯೂ ಇಂತಹುದೇ ಕಾವಲು ಬೇಕು. ಇಂದಿನ ಕಾರ್ಡುಗಳು ಒಂದು ಗೊತ್ತಾದ ವಿಳಾಸಕ್ಕೆ ಬರೆಯುವುದರ ಮೂಲಕವೇ ಗಂಟೆ ಬಾರಿಸುತ್ತವೆ. ಆದುದರಿಂದ ಅತಿಥಿಯು ಕಾರ್ಡಿನಿಂದ ಸುಳ್ಳು ಗಂಟೆಗಳನ್ನು ಬಾರಿಸಿ ಆತಿಥೇಯನನ್ನೇ ವಶಪಡಿಸಿಕೊಳ್ಳಬಹುದೆಂದು ವೊಯ್ಚುಕ್ ಮತ್ತು ರುಟ್ಕೋವ್‌ಸ್ಕಾ ಎಂಬ ಪೋಲೆಂಡಿನ ಸಂಶೋಧಕರು ೨೦೧೧ರಲ್ಲಿ ತೋರಿಸಿಕೊಟ್ಟರು. ‘ಇಂಟರಪ್ಟ್ ರಿಮ್ಯಾಪಿಂಗ್’ ಎಂಬ ಎರಡನೆಯ ಪಟ್ಟಿಯು ಇದಕ್ಕೆ ಮದ್ದು.

ಕೊಡುವ ಕ್ರಮ

ಲಿನಕ್ಸ್ ಮತ್ತು ಕೆವಿಎಂ ಇರುವ ಯಂತ್ರದಲ್ಲಿ ಈ ಕಾರ್ಯವು ಸ್ಥೂಲವಾಗಿ ಹೀಗೆ ನಡೆಯುತ್ತದೆ. ಮೊದಲು ಯಂತ್ರದ ಬಯೋಸ್‌ನಲ್ಲಿ ವಿಟಿ-ಡಿ ಅಥವಾ ಎಎಂಡಿಯ ಐಒಎಂಎಂಯುವನ್ನು ಚಾಲೂ ಮಾಡಬೇಕು. ಎಷ್ಟೋ ಯಂತ್ರಗಳಲ್ಲಿ ಇದು ಇದ್ದರೂ ಮುಚ್ಚಿಟ್ಟಿರುವುದುಂಟು. ಇಂಟೆಲ್ ಯಂತ್ರಗಳಲ್ಲಿ ಲಿನಕ್ಸ್ ಆರಂಭವಾಗುವಾಗಲೂ ಇದನ್ನು ಬಳಸುವಂತೆ ಅಪ್ಪಣೆ ಕೊಡಬೇಕಾಗಬಹುದು.

ಎರಡನೆಯದಾಗಿ ಕಾರ್ಡನ್ನು ಗುರುತಿಸಬೇಕು. ಪ್ರತಿಯೊಂದು ಕಾರ್ಡಿಗೂ ೦೩:೦೦.೦ ಎಂಬಂತಹ ಒಂದು ನೆಲೆಯ ಸಂಖ್ಯೆಯಿರುವುದು: ಬಸ್ಸಿನ ಸಂಖ್ಯೆ, ಸಾಧನದ ಸಂಖ್ಯೆ, ಅದರೊಳಗಿನ ಕಾರ್ಯಭಾಗದ ಸಂಖ್ಯೆ. ಐಒಎಂಎಂಯು ‘ಯಾವ ಕಾರ್ಡು ಕೇಳುತ್ತಿದೆ’ ಎಂದು ತಿಳಿಯುವುದು ಈ ಸಂಖ್ಯೆಯಿಂದಲೇ. ತಯಾರಕರ ಗುರುತೂ ಕಾರ್ಡಿನೊಳಗೆ ಇರುತ್ತದೆ. ಇಂಟೆಲ್ ಸಂಸ್ಥೆಯ ಗುರುತು ೮೦೮೬. ೧೯೭೮ರ ತನ್ನ ಪ್ರಸಿದ್ಧ ಪ್ರೊಸೆಸರಿನ ಹೆಸರನ್ನೇ ಅದು ಗುರುತಾಗಿ ಇಟ್ಟುಕೊಂಡಂತಿದೆ.

ಮೂರನೆಯದಾಗಿ ಕಾರ್ಡಿನ ಗುಂಪನ್ನು ನೋಡಬೇಕು. ಇಲ್ಲಿಯೇ ಅನೇಕರು ಎಡವುವುದು. ಹಳೆಯ ಮಾದರಿಯ ಸೇತುವೆಯ ಹಿಂದಿರುವ ಸಾಧನಗಳ ಕೋರಿಕೆಗಳೆಲ್ಲ ಸೇತುವೆಯ ಒಂದೇ ಸಂಖ್ಯೆಯನ್ನು ಹೊತ್ತು ಬರಬಹುದು; ಆಗ ಕಾವಲುಗಾರನಿಗೆ ಅವುಗಳನ್ನು ಬೇರ್ಪಡಿಸಲಾಗದು. ಇನ್ನು ಕೆಲವು ಕಡೆ ಎರಡು ಸಾಧನಗಳು ಕಾವಲಿನವರೆಗೆ ಬಾರದೆ ತಮ್ಮತಮ್ಮಲ್ಲಿಯೇ ಮಾತನಾಡಿಕೊಳ್ಳಬಲ್ಲವು. ಹೀಗೆ ಪರಸ್ಪರ ಬೇರ್ಪಡಿಸಲಾಗದ ಸಾಧನಗಳನ್ನು ಲಿನಕ್ಸ್ ಒಂದೇ ‘ಐಒಎಂಎಂಯು ಗುಂಪು’ ಎಂದು ಎಣಿಸುವುದು. ನಿಯಮವೇನೆಂದರೆ, ಒಂದು ಗುಂಪಿನ ಸಾಧನಗಳನ್ನು ಆತಿಥೇಯನಿಗೂ ಅತಿಥಿಗೂ ಹಂಚುವಂತಿಲ್ಲ. ಗುಂಪನ್ನು ಬಲವಂತವಾಗಿ ಒಡೆದಂತೆ ತೋರಿಸುವ ತಿದ್ದುಪಡಿಯೊಂದು ಹವ್ಯಾಸಿಗಳಲ್ಲಿ ಬಳಕೆಯಲ್ಲಿದೆ. ಆದರೆ ಅದು ಗೋಡೆಯನ್ನು ಕಟ್ಟುವುದಿಲ್ಲ; ಗೋಡೆ ಇದೆಯೆಂದು ಹೇಳುತ್ತದೆ, ಅಷ್ಟೆ. ಅಪರಿಚಿತರು ನೆರೆಹೊರೆಯಾಗಿರುವ ಯಂತ್ರದಲ್ಲಿ ಅದಕ್ಕೆ ಎಡೆಯಿಲ್ಲ. ಕಾರ್ಡನ್ನು ಬೇರೊಂದು ಸ್ಲಾಟಿಗೆ ಬದಲಾಯಿಸಿ ನೋಡುವುದೇ ಮೇಲು.

ನಾಲ್ಕನೆಯದಾಗಿ ಆತಿಥೇಯನ ಡ್ರೈವರಿನಿಂದ ಕಾರ್ಡನ್ನು ಬಿಡಿಸಿ, ‘ವಿಎಫ್‌ಐಒ’ ಎಂಬ ಭಾಗಕ್ಕೆ ಒಪ್ಪಿಸಬೇಕು. ೨೦೧೨ರಲ್ಲಿ ಲಿನಕ್ಸಿಗೆ ಸೇರಿದ ಈ ಭಾಗವು ಕಾರ್ಡನ್ನು ತಾನು ಬಳಸದು. ಐಒಎಂಎಂಯುವಿನ ಪಟ್ಟಿಯನ್ನು ಸಿದ್ಧಪಡಿಸಿ, ಕಾರ್ಡನ್ನು ಭದ್ರವಾಗಿ ಅತಿಥಿಗೆ ದಾಟಿಸುವ ಮಧ್ಯಸ್ಥಿಕೆ ಮಾತ್ರ ಅದರದು. ಕೊನೆಗೆ ಅತಿಥಿಯು ಎದ್ದಾಗ ನಿಜವಾದ ಕಾರ್ಡನ್ನು ಕಂಡು, ಆ ಕಾರ್ಡಿನ ಮಾಮೂಲಿನ ಡ್ರೈವರನ್ನೇ ಹಾಕಿಕೊಂಡು ಕೆಲಸಕ್ಕೆ ತೊಡಗುತ್ತದೆ.

ಒಂದು ಎಚ್ಚರಿಕೆ ಅವಶ್ಯ. ದೂರದಿಂದ ಯಾವ ಕಾರ್ಡಿನ ಮೂಲಕ ಆತಿಥೇಯನನ್ನು ನಡೆಸುತ್ತಿರುವೆವೋ ಆ ಕಾರ್ಡನ್ನೇ ಕೊಟ್ಟುಬಿಟ್ಟರೆ ಆತಿಥೇಯನ ಸಂಪರ್ಕ ಆ ಕ್ಷಣವೇ ಕಡಿದುಹೋಗುವುದು. ಆದಕಾರಣ ಯಂತ್ರದಲ್ಲಿ ಕನಿಷ್ಠಪಕ್ಷ ಎರಡು ಕಾರ್ಡುಗಳಿರುವುದು ಲೇಸು.

ಕೊಟ್ಟ ಮೇಲಿನ ಕಷ್ಟಗಳು

ಪ್ರತ್ಯೇಕ ಬಾಗಿಲಿಗೆ ಬೆಲೆಯೂ ಉಂಟು. ಕಾರ್ಡು ಎಲ್ಲಿಗೆ ಯಾವ ಕ್ಷಣದಲ್ಲಿ ಬರೆಯುವುದೋ ತಿಳಿಯದಾದ್ದರಿಂದ, ಸಾಮಾನ್ಯವಾಗಿ ಅತಿಥಿಯ ಮೆಮೊರಿಯನ್ನೆಲ್ಲ ಕದಲದಂತೆ ಕಟ್ಟಿಹಾಕಬೇಕು. ಬಿಡುವಾದ ಪುಟಗಳನ್ನು ಬೇರೊಬ್ಬರಿಗೆ ಎರವಲು ಕೊಡುವ ಜಾಣತನ ಇಲ್ಲಿ ನಡೆಯದು. ಇನ್ನೊಂದು, ಓಡುತ್ತಿರುವ ಅತಿಥಿಯನ್ನು ನಿಲ್ಲಿಸದೆಯೇ ಒಂದು ಯಂತ್ರದಿಂದ ಮತ್ತೊಂದು ಯಂತ್ರಕ್ಕೆ ಸ್ಥಳಾಂತರಿಸುವ ಸೌಕರ್ಯ. ಸೋಗಿನ ಕಾರ್ಡಿನ ಸ್ಥಿತಿಯನ್ನು ಮೇಲ್ವಿಚಾರಕನು ಪೂರ್ತಿಯಾಗಿ ಬಲ್ಲನಾದ್ದರಿಂದ ಅದನ್ನು ಗಂಟುಕಟ್ಟಿ ಸಾಗಿಸಬಹುದು; ನಿಜವಾದ ಕಾರ್ಡಿನ ಒಳಸ್ಥಿತಿ ಅವನಿಗೆ ತಿಳಿಯದು. ಸ್ಥಿತಿಯನ್ನು ಒಪ್ಪಿಸುವಂತೆ ವಿಶೇಷವಾಗಿ ತಯಾರಾದ ಕಾರ್ಡುಗಳನ್ನು ಬಿಟ್ಟರೆ, ಉಳಿದ ಕಡೆ ಈ ಸೌಕರ್ಯವನ್ನು ಬಿಡಬೇಕಾಗುವುದು. ಮೂರನೆಯದಾಗಿ, ಒಬ್ಬ ಅತಿಥಿ ಹೊರಟು ಮತ್ತೊಬ್ಬನು ಬರುವಾಗ ಕಾರ್ಡನ್ನು ಸಂಪೂರ್ಣವಾಗಿ ಮೊದಲಿನ ಸ್ಥಿತಿಗೆ ತರಬೇಕು. ಬಾಡಿಗೆಯವರು ಬದಲಾದಾಗ ಬೀಗವನ್ನು ಬದಲಾಯಿಸಿದಂತೆ ಇದು. ಇದಕ್ಕೆ ಸರಿಯಾಗಿ ಒಗ್ಗದ ಕಾರ್ಡುಗಳೂ ಉಂಟು.

ಒಂದು ಕಾರ್ಡನ್ನು ಒಬ್ಬರಿಗೇ ಕೊಡಬೇಕಾದರೆ ಅತಿಥಿಗಳೆಷ್ಟೋ ಕಾರ್ಡುಗಳಷ್ಟು ಬೇಕಲ್ಲವೆ? ಇದಕ್ಕೂ ಉಪಾಯ ದೊರೆತಿದೆ. ಪಿಸಿಐ ಸಾಧನಗಳ ನಿಯಮಗಳನ್ನು ರೂಪಿಸುವ ಮಂಡಲಿಯವರು ೨೦೦೭ರಲ್ಲಿ ‘ಎಸ್‌ಆರ್-ಐಒವಿ’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ಅದರಂತೆ ಒಂದೇ ಕಾರ್ಡು ತಾನು ಅನೇಕ ಕಾರ್ಡುಗಳೆಂಬಂತೆ, ಒಂದೊಂದಕ್ಕೂ ಬೇರೆಬೇರೆ ನೆಲೆಯ ಸಂಖ್ಯೆಯೊಡನೆ, ಕಾಣಿಸಿಕೊಳ್ಳುವುದು. ಇಂಟೆಲ್‌ನ ೮೨೫೯೯ ಎಂಬ ಹತ್ತು ಗಿಗಾಬಿಟ್ ಕಾರ್ಡಿನಲ್ಲಿ ಒಂದು ತಂತಿಗೆ ಹೀಗೆ ೬೩ ಬಾಗಿಲುಗಳನ್ನು ತೆರೆಯಬಹುದು. ಅಮೆಜಾನ್ ಸಂಸ್ಥೆಯು ತನ್ನ ಮೇಘದಲ್ಲಿ ೨೦೧೩ರಲ್ಲಿ ಇದೇ ಕ್ರಮವನ್ನು ಬಳಕೆಗೆ ತಂದಿತು.

ನಂಬಿಕೆಗೂ ಅಪನಂಬಿಕೆಗೂ

ಇಲ್ಲಿಯವರೆಗೆ ಹೇಳಿದುದೆಲ್ಲ ವೇಗಕ್ಕಾಗಿ ಕಾರ್ಡನ್ನು ಕೊಡುವ ಮಾತಾಯಿತು. ಇದಕ್ಕೆ ತೀರ ವಿರುದ್ಧವಾದ ಕಾರಣಕ್ಕಾಗಿಯೂ ಕಾರ್ಡನ್ನು ಕೊಡುವವರಿದ್ದಾರೆ. ೨೦೧೨ರಲ್ಲಿ ಮೊದಲ ಆವೃತ್ತಿಯನ್ನು ಕಂಡ ‘ಕ್ಯೂಬ್ಸ್’ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಆರಂಭಿಸಿದವರು ಮೇಲೆ ಹೇಳಿದ ರುಟ್ಕೋವ್‌ಸ್ಕಾ ಅವರೇ. ಹೊರಗಿನ ತಂತಿಯಿಂದ ಬರುವ ಯಾವುದನ್ನೂ ನಂಬಲಾಗದು. ಕಾರ್ಡಿನ ಡ್ರೈವರಿನಲ್ಲಿ ಒಂದು ಬಿರುಕಿದ್ದರೂ ಶತ್ರು ಅದರ ಮೂಲಕ ಆತಿಥೇಯನ ಹೃದಯಕ್ಕೇ ನುಗ್ಗಬಹುದು ಎಂಬುದು ಅವರ ವಾದ. ಆದುದರಿಂದ ಕ್ಯೂಬ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡನ್ನು ಒಂದು ಪ್ರತ್ಯೇಕ ಅತಿಥಿಗೆ ವಹಿಸಿಬಿಡುತ್ತಾರೆ. ಅಪಾಯ ಬಂದರೆ ಆ ಅತಿಥಿಯೊಂದೇ ಕೆಡುವುದು. ಒಳಗಿನ ಕೋಣೆಗಳಲ್ಲಿ ಇಟ್ಟ ಕಾಗದಪತ್ರಗಳು ಉಳಿಯುವುವು. ೨೦೧೮ರ ನಾಲ್ಕನೆಯ ಆವೃತ್ತಿಯಿಂದ ಅವರು ಐಒಎಂಎಂಯುವನ್ನು ಕಡ್ಡಾಯಗೊಳಿಸಿದರು. ಒಂದು ಕಡೆ ಪ್ರತ್ಯೇಕ ಬಾಗಿಲು ಅತಿಥಿಗೆ ಮರ್ಯಾದೆ. ಇನ್ನೊಂದು ಕಡೆ ಅದೇ ಬಾಗಿಲು ಮನೆಗೆ ರಕ್ಷೆ.

ಎರಡು ಕಡೆಯಲ್ಲಿಯೂ ಭಾರವು ಬೀಳುವುದು ಒಂದೇ ಕಾವಲಿನ ಮೇಲೆ. ಆ ಕಾವಲು ಇದ್ದ ಮಾತ್ರಕ್ಕೆ ಸಾಲದು ಎಂಬುದಕ್ಕೆ ೨೦೧೯ರ ಒಂದು ಸಂಶೋಧನೆ ಸಾಕ್ಷಿಯಾಗಿದೆ. ‘ಥಂಡರ್‌ಕ್ಲ್ಯಾಪ್’ ಎಂಬ ಹೆಸರಿನ ಆ ಪ್ರಯೋಗದಲ್ಲಿ ವಿದ್ವಾಂಸರು ನೆಟ್‌ವರ್ಕ್ ಕಾರ್ಡಿನಂತೆ ವೇಷ ಹಾಕಿದ ಸಾಧನವೊಂದನ್ನು ಕಂಪ್ಯೂಟರುಗಳಿಗೆ ಜೋಡಿಸಿದರು. ಕೆಲವು ವ್ಯವಸ್ಥೆಗಳಲ್ಲಿ ಕಾವಲನ್ನು ಉಪಯೋಗಕ್ಕೇ ತಂದಿರಲಿಲ್ಲ. ತಂದ ಕಡೆಯಲ್ಲಿಯೂ ಕಾರ್ಡಿಗೆ ತೆರೆದಿಟ್ಟ ಪುಟಗಳಲ್ಲಿಯೇ ಕಾರ್ಡಿಗೆ ಸಂಬಂಧವಿಲ್ಲದ ಗುಟ್ಟಿನ ಸಂಗತಿಗಳು ಬಿದ್ದಿದ್ದುವು. ಕಾವಲುಗಾರನು ಪಟ್ಟಿಯಂತೆ ನಡೆಯುವನು; ಪಟ್ಟಿಯು ಸಡಿಲವಾದರೆ ಕಾವಲೂ ಸಡಿಲ.

ಮೇಲಿನ ವಿವರಗಳಿಂದ ಒಂದು ಸಂಗತಿ ಸ್ಪಷ್ಟವಾಗುವುದು. ಪ್ರತಿಯೊಂದು ಕಾಗದವನ್ನೂ ತಾನೇ ಮುಟ್ಟಬೇಕೆನ್ನುವ ಮೇಲ್ವಿಚಾರಕನಿಂದ ಕೆಲಸ ಸಾಗದು. ಎಲ್ಲವನ್ನೂ ಬಿಟ್ಟುಕೊಟ್ಟು ಕೈಕಟ್ಟಿ ಕುಳಿತವನಿಂದ ನೆರೆಯವರಿಗೆ ಕ್ಷೇಮವಿಲ್ಲ. ಎಲ್ಲೆಯನ್ನು ಮೊದಲೇ ಬಿಗಿಯಾಗಿ ಬರೆದು, ಅದನ್ನು ಮೀರಲಾಗದಂತೆ ಮಾಡಿ, ಬಳಿಕ ಅದರೊಳಗೆ ಪೂರ್ಣ ಸ್ವಾತಂತ್ರ್ಯವನ್ನು ಕೊಡುವುದೇ ಸರಿಯಾದ ದಾರಿಯೆಂದು ಈ ಪುಟ್ಟ ಕಾರ್ಡಿನ ಕಥೆ ತಿಳಿಸುತ್ತದೆ. ನಮ್ಮ ಗುಟ್ಟುಗಳೂ ಲೆಕ್ಕಗಳೂ ಅಪರಿಚಿತರ ನೆರೆಯಲ್ಲಿ ಇಂತಹ ಯಂತ್ರಗಳೊಳಗೆ ವಾಸಮಾಡುತ್ತಿರುವಾಗ, ಆ ಪಟ್ಟಿಯನ್ನು ಬರೆಯುವವರು ಯಾರು, ಎಷ್ಟು ಎಚ್ಚರದಿಂದ ಬರೆಯುತ್ತಾರೆ ಎಂದು ಕೇಳುವ ಹಕ್ಕು ತಂತ್ರಜ್ಞರಿಗಿರುವಷ್ಟೇ ನಮಗೂ ಇದೆ.